ಕರ್ಣಮರ್ದನದ ವಂಶಾವಳಿ

ಬೆರಳುಗಳಿಂದ ಕಿವಿಯ ಹಾಲೆಯನ್ನೂ ಅಂಚನ್ನೂ ಮೆಲ್ಲನೆ ಹಿಸುಕಿ ತಿಕ್ಕಿಕೊಂಡು, ಕಾರ್ಯಭಾರದಿಂದ ಬಳಲಿದ ಮನಸ್ಸಿಗೆ ವಿಶ್ರಾಂತಿಯನ್ನು ತಂದುಕೊಳ್ಳುವ ಪದ್ಧತಿಯೊಂದು ಈಚಿನ ದಶಕಗಳಲ್ಲಿ ನಾನಾ ದೇಶಗಳಲ್ಲಿ ಬಳಕೆಗೆ ಬಂದಿದೆ. ಇದಕ್ಕೆ ವೈದ್ಯನು ಬೇಕಿಲ್ಲ, ಉಪಕರಣವೂ ಬೇಕಿಲ್ಲ. ತನ್ನ ಕೈ ತನ್ನ ಕಿವಿಗೆ ಎಟುಕಿದರೆ ಸಾಕು. ಇದನ್ನು ಬೋಧಿಸುವವರು ಕಿವಿಯು ಸಮಸ್ತ ಶರೀರದ ಪ್ರತಿಬಿಂಬವೆಂದು ಹೇಳುತ್ತಾರೆ. ಅವರ ನಕ್ಷೆಯಲ್ಲಿ ಕೆಳಗಿನ ಹಾಲೆಯು ಶಿರಸ್ಸು, ಒಳಮಡಿಕೆಯು ಬೆನ್ನೆಲುಬು, ನಡುವಣ ಗುಣಿಯು ಒಳಗಿನ ಅವಯವಗಳ ಸ್ಥಾನ; ಒಟ್ಟಿನಲ್ಲಿ ತಾಯಿಯ ಗರ್ಭದಲ್ಲಿ ತಲೆಕೆಳಗಾಗಿ ಮಲಗಿದ ಶಿಶುವಿನ ಆಕಾರ. ಈ ನಕ್ಷೆಗೆ ಎರಡು ಸಾವಿರ ವರ್ಷಗಳ ಚೀನೀ ಪ್ರಾಚೀನತೆಯನ್ನು ಹೇಳುವುದು ವಾಡಿಕೆ. ನಮ್ಮಲ್ಲಿ ಮತ್ತೆ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಕರ್ಣವೇಧಸಂಸ್ಕಾರವೂ ಯಜ್ಞೋಪವೀತವನ್ನು ಕಿವಿಗೆ ಸುತ್ತುವ ಆಚಾರವೂ ಇದೇ ವಿದ್ಯೆಯ ಅಂಗಗಳೆಂದು ಸಾರುತ್ತಾರೆ. ಈ ಮಾತುಗಳಲ್ಲಿ ಗ್ರಂಥಾಧಾರವಿರುವುದೆಷ್ಟು, ಅಭಿಮಾನದಿಂದ ಕೂಡಿಸಿದುದೆಷ್ಟು ಎಂಬುದನ್ನು ಪರಾಮರ್ಶಿಸುವುದು ಅವಶ್ಯ. ಹಳೆಯ ಗ್ರಂಥಗಳಿಗೆ ಅವು ಆಡದ ಮಾತನ್ನು ಆರೋಪಿಸಿದರೆ, ಅವು ನಿಜವಾಗಿ ಆಡಿದ ಮಾತು ಮರೆಯಾಗುತ್ತದೆ. ಪ್ರಕೃತ ವಿಷಯದಲ್ಲಿ ಆಗಿರುವುದೂ ಅದೇ.

ಮೊದಲು ಸುಶ್ರುತಸಂಹಿತೆಯನ್ನು ನೋಡಬಹುದು. ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವು ಕರ್ಣವೇಧಕ್ಕೆ ಮೀಸಲು. ಮಗುವಿಗೆ ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಶುಕ್ಲಪಕ್ಷದ ಪ್ರಶಸ್ತದಿನದಲ್ಲಿ, ದಾದಿಯ ತೊಡೆಯ ಮೇಲೆ ಕುಳ್ಳಿರಿಸಿ ಆಟದ ಸಾಮಾನುಗಳಿಂದ ಮರುಳುಗೊಳಿಸುತ್ತ, ಬಿಸಿಲು ಹಾಯ್ದು ತೋರುವ ಸಹಜರಂಧ್ರದ ಎಡೆಯಲ್ಲಿ ಚುಚ್ಚಬೇಕು. ಗಂಡುಮಗುವಿಗೆ ಮೊದಲು ಬಲಗಿವಿ, ಹೆಣ್ಣುಮಗುವಿಗೆ ಮೊದಲು ಎಡಗಿವಿ. ಇದಕ್ಕೆ ಆಚಾರ್ಯನು ಹೇಳಿರುವ ಪ್ರಯೋಜನಗಳು ಎರಡೇ: ರಕ್ಷೆ ಮತ್ತು ಭೂಷಣ. ಮನಶ್ಶಾಂತಿಯಾಗಲಿ ಬುದ್ಧಿವೃದ್ಧಿಯಾಗಲಿ ಅಲ್ಲಿ ಉಕ್ತವಾಗಿಲ್ಲ. ಆದರೆ ಅದೇ ಅಧ್ಯಾಯದಲ್ಲಿ, ಸಾಮಾನ್ಯವಾಗಿ ಯಾರೂ ಎತ್ತಿ ಹೇಳದ ಒಂದು ಸಂಗತಿ ಇದೆ. ಅಜ್ಞನು ಎಡೆತಪ್ಪಿ ಚುಚ್ಚಿದರೆ ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಮೂರು ಸಿರೆಗಳಿಗೆ ಗಾಯವಾಗುವುದುಂಟು. ಮೊದಲನೆಯದರಿಂದ ಜ್ವರ, ದಾಹ, ಬಾವು. ಎರಡನೆಯದರಿಂದ ನೋವು, ಜ್ವರ, ಗಂಟುಗಳು. ಮೂರನೆಯದರಿಂದ ಕತ್ತು ಸೆಟೆಯುವುದು, ಅಪತಾನಕ, ಶಿರೋಗ್ರಹ, ಕರ್ಣಶೂಲ. ಇಂದಿನ ವೈದ್ಯರು ಇದನ್ನು ಮಲಿನವಾದ ಸೂಜಿಯಿಂದ ಹತ್ತಿದ ವಿಷವೆಂದೂ ಧನುರ್ವಾತವೆಂದೂ ವ್ಯಾಖ್ಯಾನಿಸಬಹುದು. ಅದು ಹೇಗೇ ಇರಲಿ, ಕಿವಿಯ ಒಂದು ಅಲ್ಪಸ್ಥಾನದಲ್ಲಿ ಆದ ವ್ಯಾಪಾರಕ್ಕೆ ದೂರದ ಅಂಗದಲ್ಲಿ ಪರಿಣಾಮ ಉಂಟೆಂಬ ದರ್ಶನ ಇಲ್ಲಿ ಸ್ಪಷ್ಟವಾಗಿದೆ.

ಇದಕ್ಕಿಂತ ಗಮನಾರ್ಹವಾದುದು ಚಿಕಿತ್ಸಾಸ್ಥಾನದ ಹತ್ತೊಂಬತ್ತನೆಯ ಅಧ್ಯಾಯದ ಒಂದು ವಿಧಿ. ಅಂತ್ರವೃದ್ಧಿಯೆಂಬ ವ್ಯಾಧಿಯ ನಿವೃತ್ತಿಗಾಗಿ, ಕಪೋಲದ ಮೇಲಣ ಶಂಖಪ್ರದೇಶದ ಮೇಲ್ಗಡೆ ಕಿವಿಯ ಕೊನೆಯಲ್ಲಿ, ಸೇವನಿಯನ್ನು ಎಚ್ಚರಿಕೆಯಿಂದ ಬಿಟ್ಟು ಸಿರೆಯನ್ನು ವೇಧಿಸಬೇಕೆಂದೂ ಅದನ್ನು ವ್ಯತ್ಯಾಸದಿಂದ ಮಾಡಬೇಕೆಂದೂ ಅಲ್ಲಿ ಹೇಳಿದೆ. ವ್ಯಾಧಿ ಎಡಗಡೆಯದಾದರೆ ಬಲಗಿವಿ ಎಂದು ತಾತ್ಪರ್ಯ. ತೊಡೆಸಂದಿನ ರೋಗಕ್ಕೆ ಕಿವಿಯಲ್ಲಿ ಚಿಕಿತ್ಸೆ! ಕಿವಿಗೂ ದೂರದ ಅವಯವಕ್ಕೂ ಚಿಕಿತ್ಸಾಸಂಬಂಧವನ್ನು ಕಲ್ಪಿಸಿದ ಭಾರತೀಯ ವಾಕ್ಯ ಬೇಕೆನ್ನುವವರು ಉಪವೀತವನ್ನು ಬಿಟ್ಟು ಇದನ್ನು ಹಿಡಿಯಬೇಕಾಗಿತ್ತು. ಆದರೂ ಒಂದು ಬಿಡಿವಿಧಿಯಿಂದ ಒಂದು ನಕ್ಷೆ ಸಿದ್ಧವಾಗುವುದಿಲ್ಲ. ಸುಶ್ರುತನಲ್ಲಿ ಕಿವಿಯು ಶರೀರದ ಪ್ರತಿಬಿಂಬವೆಂಬ ಮಾತು ಎಲ್ಲಿಯೂ ಇಲ್ಲ. ಮರ್ಮಗಳನ್ನು ಗಣಿಸುವಾಗ ಕಿವಿಯ ಹಿಂದೆ ಕೆಳಗಡೆ ವಿಧುರವೆಂಬ ಜೋಡಿಮರ್ಮವನ್ನು ಹೇಳಿ, ಅಲ್ಲಿ ಪೆಟ್ಟಾದರೆ ಕಿವುಡು ಬರುವುದೆಂದು ಆತನು ಎಚ್ಚರಿಸುತ್ತಾನೆ. ಕರ್ಣಪಾಲಿಯು ಹರಿದರೆ ಜೋಡಿಸುವ ಹದಿನೈದು ಬಂಧಗಳನ್ನು ಬಹು ವಿಸ್ತಾರವಾಗಿ ವರ್ಣಿಸುತ್ತಾನೆ. ಆ ಭಾಗವೇ ಆತನಿಗೆ ಲೋಕಖ್ಯಾತಿಯನ್ನು ತಂದಿತು.

ವಿಶ್ರಾಂತಿಗಾಗಿ ತಾನೇ ಮಾಡಿಕೊಳ್ಳುವ ಕರ್ಣೋಪಚಾರದ ಮೂಲವನ್ನು ವೇಧದಲ್ಲಿ ಹುಡುಕುವುದಕ್ಕಿಂತ ದಿನಚರ್ಯೆಯಲ್ಲಿ ಹುಡುಕುವುದು ಯುಕ್ತ. ಚರಕನು ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ನಿತ್ಯವೂ ಕಿವಿಗೆ ಎಣ್ಣೆ ಹಾಕಿಕೊಳ್ಳುವವನಿಗೆ ವಾತದಿಂದ ಹುಟ್ಟುವ ಕರ್ಣರೋಗಗಳೂ ಕತ್ತು ದವಡೆಗಳ ಬಿಗಿತವೂ ಕಿವುಡೂ ಬಾರವೆನ್ನುತ್ತಾನೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅಭ್ಯಂಗವನ್ನು ವಿಧಿಸಿ, ಅದನ್ನು ವಿಶೇಷವಾಗಿ ಆಚರಿಸಬೇಕಾದ ಸ್ಥಾನಗಳು ತಲೆ, ಕಿವಿ, ಪಾದ ಎಂದು ಮೂರನ್ನು ಹೆಸರಿಸುತ್ತಾನೆ; ಆ ಅಭ್ಯಂಗವು ಶ್ರಮವನ್ನು ಕಳೆಯುತ್ತದೆ, ಒಳ್ಳೆಯ ನಿದ್ರೆಯನ್ನು ಕೊಡುತ್ತದೆ ಎಂಬ ಫಲಶ್ರುತಿಯೂ ಅಲ್ಲಿದೆ. ಕನ್ನಡನಾಡಿನ ಮನೆಗಳಲ್ಲಿ ಎಣ್ಣೆನೀರಿನ ದಿನ ಹಿರಿಯರು ಮಕ್ಕಳ ನೆತ್ತಿ, ಕಿವಿ, ಅಂಗಾಲುಗಳಿಗೆ ಎಣ್ಣೆ ಒತ್ತುವ ಕ್ರಮವು ಈ ವಿಧಿಯೊಡನೆ ಕೂಡಿಬರುವುದನ್ನು ವಾಚಕರು ಬಲ್ಲರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಪಾದಾಭ್ಯಂಗವನ್ನು ಒಂದು ಸ್ವತಂತ್ರಭೋಗವೆಂದೇ ಎಣಿಸಿದನು. ಕಿವಿಗೆ ಆ ರಾಜಮರ್ಯಾದೆ ದೊರೆಯಲಿಲ್ಲವೆಂಬುದು ವಿನೋದವಾದ ಸಂಗತಿ.

ಅಷ್ಟಾಂಗಹೃದಯದ ಸೂತ್ರಸ್ಥಾನ ಇಪ್ಪತ್ತೆರಡನೆಯ ಅಧ್ಯಾಯದ ಕರ್ಣಪೂರಣವಿಧಿಯಂತೂ ಈ ಚರಿತ್ರೆಯ ಹೃದಯಸ್ಥಾನವೆನ್ನಬಹುದು. ಕಿವಿಯನ್ನು ಸ್ನೇಹದ್ರವ್ಯದಿಂದ ತುಂಬಿ, ಅದನ್ನು ಧರಿಸಿರುವಷ್ಟು ಹೊತ್ತೂ ಕರ್ಣಮೂಲವನ್ನು ಉಜ್ಜುತ್ತಿರಬೇಕು. ನೋವಿದ್ದವನಿಗೆ ನೋವು ಮೆತ್ತಗಾಗುವವರೆಗೆ. ನೋವಿಲ್ಲದವನಿಗೆ ನೂರು ಮಾತ್ರೆಗಳ ಕಾಲ. ಮಾತ್ರೆಯೆಂದರೆ ಕೈಬೆರಳ ತುದಿಯು ಬಲಮೊಣಕಾಲನ್ನು ಒಂದು ಸುತ್ತು ಸುತ್ತಿಬರುವ ಹೊತ್ತು, ರೆಪ್ಪೆ ಮುಚ್ಚಿ ತೆರೆಯುವುದಕ್ಕೆ ಸಮಾನವೆಂದು ಅಲ್ಲಿಯೇ ಲಕ್ಷಣವನ್ನು ಕೊಟ್ಟಿದೆ. ಇಲ್ಲಿ ಮೂರು ವಿಷಯಗಳು ಒಟ್ಟಿಗೆ ದೊರೆಯುತ್ತವೆ: ಸ್ವಸ್ಥನಿಗೂ ವಿಧಿ ಉಂಟು, ಔಷಧದೊಡನೆ ಕೈಯ ಮರ್ದನವೂ ಅಂಗವಾಗಿದೆ, ಮರ್ದನಕ್ಕೆ ಕಾಲದ ಅಳತೆ ಇದೆ. ಬಿಂದುಗಳಿಲ್ಲ, ನಕ್ಷೆಯಿಲ್ಲ. ಉದ್ದೇಶವೂ ಸರಳ, ವಾತಶಮನ.

ಸ್ಮೃತಿಗಳ ಮಾತು ಬೇರೆ ಜಾತಿಯದು. ಮಲಮೂತ್ರವಿಸರ್ಜನೆಯ ಕಾಲದಲ್ಲಿ ಬ್ರಹ್ಮಸೂತ್ರವನ್ನು ಕಿವಿಯ ಮೇಲಿರಿಸಿಕೊಳ್ಳಬೇಕೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಸೀನು, ಉಗುಳು, ಸುಳ್ಳುಮಾತು ಮುಂತಾದ ನಿಮಿತ್ತಗಳಲ್ಲಿ ಬಲಗಿವಿಯನ್ನು ಮುಟ್ಟಬೇಕೆಂದು ಪರಾಶರಸ್ಮೃತಿ ಹೇಳುತ್ತದೆ. ಗಂಗಾದಿ ನದಿಗಳೂ ತೀರ್ಥಗಳೂ ಆ ಕಿವಿಯಲ್ಲಿ ನೆಲಸಿವೆಯೆಂಬುದು ಕಾರಣ. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಮಾಧವಾಚಾರ್ಯನು ಈ ಸ್ಮೃತಿಗೆ ಬೃಹದ್ವ್ಯಾಖ್ಯಾನವನ್ನು ರಚಿಸಿದುದರಿಂದ ಕರ್ಣಾಟಕದ ಪಂಡಿತರಿಗೆ ಇದು ಚಿರಪರಿಚಿತ. ಇವೆಲ್ಲ ಶೌಚಾಶೌಚವಿಷಯಗಳು. ದಾರದ ಒತ್ತಡದಿಂದ ಯಾವುದೋ ನಾಡಿಯು ಪ್ರಚೋದಿತವಾಗುವುದೆಂಬ ವ್ಯಾಖ್ಯಾನ ನವೀನರ ಕಲ್ಪನೆ. ಕರ್ಮಕ್ಕೆ ದೃಷ್ಟಫಲವನ್ನು ತೋರಿಸದಿದ್ದರೆ ಅದಕ್ಕೆ ಬೆಲೆಯಿಲ್ಲವೆಂದು ಭಾವಿಸಿದವರ ಭಯದಿಂದ ಅದು ಹುಟ್ಟಿದಂತಿದೆ. ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡು ಬಸ್ಕಿ ಹೊಡೆದ ಬಾಲಕರಿಗೆ ಜ್ಞಾನೋದಯವಾಯಿತೆಂಬ ವಾದವೂ ಇದೇ ಕುಲದ್ದು.

ಇನ್ನು ಚೀನಾದೇಶ. ಕ್ರಿ. ಪೂ. ೧೬೮ರಲ್ಲಿ ಮುಚ್ಚಲ್ಪಟ್ಟು ೧೯೭೩ರಲ್ಲಿ ಅಗೆದು ತೆಗೆಯಲ್ಪಟ್ಟ ಮಾವಾಂಗ್‌ದುಯಿ ಸಮಾಧಿಯ ರೇಷ್ಮೆಲಿಖಿತಗಳಲ್ಲಿ ಒಂದು ನಾಡಿಗೆ ಕಿವಿಯ ನಾಡಿಯೆಂದೇ ಹೆಸರಿದೆ. ಹುವಾಂಗ್‌ದಿ ನೈಜಿಂಗ್ ಎಂಬ ಪ್ರಾಚೀನ ವೈದ್ಯಗ್ರಂಥವು ಪ್ರಧಾನನಾಡಿಗಳು ಕಿವಿಯಲ್ಲಿ ಸೇರುವುವೆಂದು ಹೇಳುತ್ತದೆ. ಆದರೆ ಅವಯವಗಳನ್ನು ಕಿವಿಯ ಮೇಲೆ ಹಂಚಿ ತೋರಿಸುವ ಚಿತ್ರ ದೊರೆಯುವುದು ಬಹಳ ಈಚೆಗೆ. ೧೮೮೮ರಲ್ಲಿ ಝಾಂಗ್ ಝೆನ್‌ಜುನ್ ಎಂಬ ವೈದ್ಯನು ರಚಿಸಿದ ಮರ್ದನಗ್ರಂಥದಲ್ಲಿ ಕಿವಿಯ ಬೆನ್ನುಭಾಗವನ್ನು ಹೃದಯ, ಯಕೃತ್ತು, ಪ್ಲೀಹ, ಶ್ವಾಸಕೋಶ, ಮೂತ್ರಪಿಂಡಗಳಿಗೆ ಐದು ಪಾಲಾಗಿ ಹಂಚಿದೆ. ಇದು ಶಿಶುಗಳ ಮರ್ದನಚಿಕಿತ್ಸೆಗೆ ಸಂಬಂಧಿಸಿದುದು. ತಲೆಕೆಳಗಾದ ಶಿಶುವಿನ ಆಕಾರ ಇಲ್ಲಿಯೂ ಇಲ್ಲ.

ಆ ಆಕಾರವು ಎಲ್ಲಿ ಹುಟ್ಟಿತೆಂಬುದಕ್ಕೆ ಪಶ್ಚಿಮದ ಕಡೆ ತಿರುಗಬೇಕು. ಯವನವೈದ್ಯ ಹಿಪ್ಪೋಕ್ರಾಟಿಸನ ಹೆಸರಿನಲ್ಲಿರುವ ‘ಗಾಳಿ, ನೀರು, ನೆಲೆ’ಗಳ ಪ್ರಬಂಧದಲ್ಲಿ, ಕುದುರೆಸವಾರಿಯಿಂದ ಕೀಲುನೋವಿಗೆ ತುತ್ತಾದ ಸಿಥಿಯರು ಕಿವಿಗಳ ಹಿಂದಣ ಸಿರೆಯನ್ನು ಕೊಯ್ದುಕೊಳ್ಳುತ್ತಿದ್ದರೆಂದೂ ಅದರಿಂದ ಅವರಿಗೆ ಪುಂಸ್ತ್ವನಾಶವಾಗುತ್ತಿತ್ತೆಂದೂ ಬರೆದಿದೆ. ಸುಶ್ರುತನ ಅಂತ್ರವೃದ್ಧಿಯ ವಿಧಿಯನ್ನೂ ಇದನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ, ಕಿವಿಗೂ ಕಟಿಯ ಕೆಳಭಾಗಕ್ಕೂ ಸಂಬಂಧವುಂಟೆಂಬ ನಂಬಿಕೆ ಎರಡು ಜನಾಂಗಗಳಲ್ಲಿ ಇದ್ದುದು ಕಾಣುತ್ತದೆ. ಒಬ್ಬರಿಂದೊಬ್ಬರು ಕಲಿತರೆನ್ನಲು ಮಾತ್ರ ಆಧಾರವಿಲ್ಲ. ಮುಂದೆ ೧೮೫೦ರಲ್ಲಿ ಫ್ರಾನ್ಸಿನ ಒಂದು ವೈದ್ಯಪತ್ರಿಕೆಯಲ್ಲಿ, ಕಾರ್ಸಿಕಾ ದ್ವೀಪದ ಬಾಸ್ತಿಯಾ ನಗರದ ವೈದ್ಯ ಲುಚ್ಚಿಯಾನ ಎಂಬವನು ಗೃಧ್ರಸಿಯ ನೋವಿಗೆ ಕಿವಿಯನ್ನು ಕಾದ ಕಬ್ಬಿಣದಿಂದ ಸುಡುವ ಚಿಕಿತ್ಸೆಯನ್ನು ವರ್ಣಿಸಿದನು. ಕೆಲಕಾಲ ಆ ಕ್ರಮ ಪ್ರಚಾರದಲ್ಲಿದ್ದು, ಬಳಿಕ ವೈದ್ಯರು ಕೈಬಿಟ್ಟರೂ ನಾಟಿಚಿಕಿತ್ಸಕರಲ್ಲಿ ಉಳಿದುಬಂದಿತು.

ಲಿಯೋಂ ನಗರದ ವೈದ್ಯ ಪೌಲ್ ನೋಜಿಯೆ (೧೯೦೮–೧೯೯೬) ತನ್ನಲ್ಲಿಗೆ ಬಂದ ಕೆಲವು ರೋಗಿಗಳ ಕಿವಿಯಲ್ಲಿ ಒಂದೇ ಎಡೆಯಲ್ಲಿ ಸುಟ್ಟ ಗುರುತನ್ನು ಕಂಡನು. ವಿಚಾರಿಸಲಾಗಿ, ಮಾರ್ಸೇಲಿನ ಒಬ್ಬ ಸ್ತ್ರೀಯು ಗೃಧ್ರಸಿಗಾಗಿ ಹೀಗೆ ಸುಡುತ್ತಿದ್ದಳೆಂದು ತಿಳಿಯಿತು. ಆತನು ಆ ಮಾತನ್ನು ನಕ್ಕು ತಳ್ಳಿಹಾಕದೆ ಪರೀಕ್ಷಿಸಿದನು. ಸುಟ್ಟ ಎಡೆಯು ಬೆನ್ನೆಲುಬಿನ ಬುಡದ ಸಂಧಿಗೆ ಪ್ರತಿರೂಪವಾದರೆ, ಆ ಮಡಿಕೆಯೆಲ್ಲ ತಲೆಕೆಳಗಾದ ಬೆನ್ನೆಲುಬು ಆಗಬೇಕು; ಹಾಗಾದರೆ ಹಾಲೆಯು ಶಿರಸ್ಸು. ನಕ್ಷೆ ಹುಟ್ಟಿದುದು ಈ ಅನುಮಾನದಿಂದ. ೧೯೫೬ರಲ್ಲಿ ಮಾರ್ಸೇಲಿನ ಸಭೆಯೊಂದರಲ್ಲಿ ಆತನು ಇದನ್ನು ನಿರೂಪಿಸಿದನು. ೧೯೫೭ರಲ್ಲಿ ಜರ್ಮನ್ ಭಾಷೆಯ ಸೂಚೀಚಿಕಿತ್ಸಾ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ೧೯೫೮ರಲ್ಲಿ ಚೀನಾಕ್ಕೆ ಮುಟ್ಟಿತು. ಅಲ್ಲಿನ ವೈದ್ಯರು ಅದನ್ನು ತಮ್ಮ ನಾಡಿಶಾಸ್ತ್ರದೊಡನೆ ಬೆರೆಸಿ ಹೊಸ ಬಿಂದುಗಳನ್ನು ಕೂಡಿಸಿದರು. ಚೀನಾದ ಪ್ರಾಚೀನವಿದ್ಯೆಯೆಂದು ಲೋಕಕ್ಕೆ ಮರಳಿ ಬಂದುದು ಇದೇ. ಫ್ರಾನ್ಸಿನಿಂದ ಹೋದ ಪದಾರ್ಥವು ಚೀನೀ ಮುದ್ರೆಯನ್ನು ಒತ್ತಿಸಿಕೊಂಡು ಹಿಂದಿರುಗಿತು. ಬಿಂದುಗಳ ಹೆಸರುಗಳನ್ನು ಏಕರೂಪಗೊಳಿಸುವುದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರಲ್ಲಿ ಸಭೆ ಸೇರಿಸಿದುದು ಲಿಯೋಂ ನಗರದಲ್ಲಿಯೇ ಎಂಬುದು ಉಚಿತವಾಗಿದೆ.

ಸೂಜಿಯನ್ನು ಬಿಟ್ಟು ಬೆರಳನ್ನು ಹಿಡಿದ ಶಾಖೆಯ ಮೂಲ ಅಮೆರಿಕದಲ್ಲಿದೆ. ವಿಲಿಯಂ ಫಿಟ್ಜ್‌ಜೆರಾಲ್ಡ್ ೧೯೧೭ರಲ್ಲಿ ಶರೀರವನ್ನು ಉದ್ದಕ್ಕೆ ಹತ್ತು ವಲಯಗಳಾಗಿ ವಿಭಾಗಿಸುವ ಗ್ರಂಥವನ್ನು ಪ್ರಕಟಿಸಿದನು. ಯೂನಿಸ್ ಇಂಗಮ್ ಎಂಬ ಮಹಿಳೆ ೧೯೩೮ರಲ್ಲಿ ಅದನ್ನು ಅಂಗಾಲಿಗೆ ಅನ್ವಯಿಸಿ ಪುಸ್ತಕ ಬರೆದಳು. ಕೈ, ಕಾಲುಗಳ ಈ ಒತ್ತುವಿದ್ಯೆಯೊಡನೆ ನೋಜಿಯೆಯ ಕಿವಿಯು ಸೇರಿಕೊಂಡು ಈಗಿನ ಪದ್ಧತಿಯಾಯಿತು.

ಪರೀಕ್ಷೆಗಳ ನಿರ್ಣಯ ಏಕಮುಖವಲ್ಲ. ೧೯೮೦ರಲ್ಲಿ ಲಾಸ್ ಏಂಜಲೀಸಿನಲ್ಲಿ ನಲವತ್ತು ರೋಗಿಗಳ ಕಿವಿಯನ್ನಷ್ಟೇ ಪರೀಕ್ಷಿಸಿ ನೋವಿನ ಸ್ಥಾನವನ್ನು ಹೇಳಿದಾಗ ನೂರಕ್ಕೆ ೭೫ರಷ್ಟು ಹೊಂದಿಕೆ ಕಂಡಿತೆಂದು ಓಲ್ಸನ್ ಮತ್ತು ಸಂಗಡಿಗರು ಬರೆದರು. ೧೯೮೪ರಲ್ಲಿ ನೋವಿನ ಶಾಸ್ತ್ರದಲ್ಲಿ ಪ್ರಮಾಣಪುರುಷನಾದ ಮೆಲ್ಜಾಕ್, ಕಾಟ್ಜ್ ಎಂಬವನೊಡನೆ, ೩೬ ಮಂದಿ ದೀರ್ಘವೇದನೆಯವರಲ್ಲಿ ಕಿವಿಯ ಬಿಂದುಗಳನ್ನು ಪ್ರಚೋದಿಸಿ, ಹುಸಿಚಿಕಿತ್ಸೆಗೂ ಇದಕ್ಕೂ ಭೇದ ಕಾಣಲಿಲ್ಲವೆಂದನು. ೧೯೯೩ರಲ್ಲಿ ೩೫ ಸ್ತ್ರೀಯರಲ್ಲಿ ಕಿವಿ, ಕೈ, ಪಾದಗಳನ್ನು ಒತ್ತಿದುದರಿಂದ ಋತುಪೂರ್ವಕ್ಲೇಶ ಕಡಮೆಯಾಯಿತೆಂಬ ವರದಿ ಬಂದಿತು. ಅಲ್ಲಿ ಮೂರೂ ಅಂಗಗಳು ಸೇರಿದ್ದುದರಿಂದ ಕಿವಿಯ ಪಾಲು ಎಷ್ಟೆಂದು ಬೇರ್ಪಡಿಸಲಾಗದು. ನಕ್ಷೆಯ ಪಕ್ಷಕ್ಕೆ ಇದರಿಂದ ಹೆಚ್ಚಿನ ಬಲವಿಲ್ಲ. ವಿಶ್ರಾಂತಿಯ ಪಕ್ಷಕ್ಕೆ ಶರೀರರಚನಾಶಾಸ್ತ್ರವು ಬೇರೊಂದು ದಾರಿಯನ್ನು ತೋರಿಸಿದೆ. ಹೃದಯದ ಬಡಿತವನ್ನು ನಿಧಾನಿಸುವ ವೇಗಸ್ ನರದ ಒಂದು ಕೊಂಬೆ ಕಿವಿಗೆ ಬರುತ್ತದೆ. ಕಿವಿಯೊಳಗೆ ಕಡ್ಡಿ ತಗುಲಿದರೆ ಕೆಲವರಿಗೆ ಕೆಮ್ಮು ಬರುವುದು ಅದರಿಂದಲೇ. ೨೦೦೨ರಲ್ಲಿ ಜರ್ಮನಿಯ ಪೋಯ್ಕರ್ ಮತ್ತು ಫಿಲ್ಲರ್ ೧೪ ಕಿವಿಗಳನ್ನು ಛೇದಿಸಿ ನೋಡಿ, ನಡುಗುಣಿಯ ಮೇಲುಭಾಗಕ್ಕೆ ಆ ನರವೊಂದೇ ಹರಡಿರುವುದೆಂದು ವರ್ಣಿಸಿದರು. ಅಲ್ಲಿ ಅಲ್ಪವಿದ್ಯುತ್ತನ್ನು ಹಾಯಿಸಿ ನೋಡುವ ಪ್ರಯೋಗಗಳು ಅನಂತರ ಬೆಳೆದಿವೆ. ಬೆರಳಿನ ಒತ್ತಡವೂ ಅಷ್ಟೇ ಕಾರ್ಯವನ್ನು ಮಾಡುವುದೆಂದು ಹೇಳುವುದು ಮಾತ್ರ ಆತುರದ ಮಾತು.

ಆಚರಣೆಯಲ್ಲಿ ಇದು ಹೀಗೆ: ಹೆಬ್ಬೆರಳು ಹಿಂದೆ, ತೋರುಬೆರಳು ಮುಂದೆ ಇರುವಂತೆ ಹಾಲೆಯನ್ನು ಹಿಡಿದು, ಮೆಲ್ಲನೆ ಒತ್ತುತ್ತ ಅಂಚಿನ ಗುಂಟ ಮೇಲಕ್ಕೆ ಸಾಗಿ, ಮತ್ತೆ ಇಳಿಯುವುದು, ಬಳಿಕ ಒಳಮಡಿಕೆ, ನಡುಗುಣಿ, ಕೊನೆಗೆ ಕಿವಿಯ ಹಿಂಬದಿ. ನೋವು ತೋರುವಷ್ಟು ಒತ್ತಬಾರದು, ರಂಧ್ರದೊಳಕ್ಕೆ ಏನನ್ನೂ ತೂರಿಸಬಾರದು. ಹಿಂಬದಿಯನ್ನು ಉಜ್ಜುವಾಗ ವಾಗ್ಭಟನ ಕರ್ಣಮೂಲಮರ್ದನವೂ ಝಾಂಗನ ಶಿಶುಮರ್ದನವೂ ಒಂದೇ ಎಡೆಯಲ್ಲಿ ಸಂಧಿಸುತ್ತವೆ. ಎಣ್ಣೆಯನ್ನು ಸೇರಿಸಿಕೊಳ್ಳುವುದಾದರೆ ಒಂದು ಎಚ್ಚರ ಬೇಕು: ಕಿವಿ ಸೋರುವವರೂ ತಮಟೆಯಲ್ಲಿ ತೂತಿರುವವರೂ ಕಿವಿಗೆ ಎಣ್ಣೆ ಬಿಡತಕ್ಕದ್ದಲ್ಲ, ಅಂಥವರು ಹೊರಗಣ ಕಿವಿಯನ್ನು ಒಣಗೈಯಿಂದಲೇ ತಿಕ್ಕಿಕೊಳ್ಳಬಹುದು. ಅವಧಿಗೆ ಈಗಿನ ಕೈಪಿಡಿಗಳು ಗಡಿಯಾರವನ್ನು ನೋಡಿಕೊಳ್ಳಲು ಹೇಳುತ್ತವೆ. ನೂರು ಮಾತ್ರೆಗಳನ್ನು ಎಣಿಸುವವನಿಗೆ ಗಡಿಯಾರ ಬೇಕಾಗುವುದಿಲ್ಲ.