ಪೆಂಡಲ್ ಬೆಟ್ಟದ ಮಾಟಗಾತಿಯರು: ದಾಖಲೆ ಮತ್ತು ಜನಶ್ರುತಿ

ಐತಿಹ್ಯವನ್ನೂ ಲಿಖಿತ ದಾಖಲೆಯನ್ನೂ ಎದುರುಬದುರಾಗಿ ನಿಲ್ಲಿಸಿ, ಮೊದಲನೆಯದು ಸಂಶಯಾಸ್ಪದವೆಂದೂ ಎರಡನೆಯದು ನಂಬತಕ್ಕುದೆಂದೂ ನಿರ್ಣಯಿಸುವುದು ಸಂಶೋಧಕರಲ್ಲಿ ರೂಢಿಯಾಗಿದೆ. ಈ ನಿರ್ಣಯವು ಎಲ್ಲೆಡೆಯೂ ಸಲ್ಲತಕ್ಕುದಲ್ಲವೆಂಬುದಕ್ಕೆ ಆಂಗ್ಲದೇಶದ ಲ್ಯಾಂಕಷೈರ್ ಪ್ರಾಂತದಲ್ಲಿ ಕ್ರಿ.ಶ. 1612ರಲ್ಲಿ ನಡೆದ ಮಾಟಗಾತಿಯರ ವಿಚಾರಣೆಯು ಒಳ್ಳೆಯ ನಿದರ್ಶನವಾಗಿದೆ.

ಆ ವರ್ಷದ ಮಾರ್ಚ್ ತಿಂಗಳಿನಲ್ಲಿ, ಪೆಂಡಲ್ ಬೆಟ್ಟದ ಸೀಮೆಯ ಅಲಿಜನ್ ಡಿವೈಸ್ ಎಂಬ ಬಡ ಹುಡುಗಿಗೆ ಕೋಲ್ನ್ ಪಟ್ಟಣದ ಬಳಿ ಜಾನ್ ಲಾ ಎಂಬ ವ್ಯಾಪಾರಿ ಎದುರಾದನು. ಅವನು ಗಂಟನ್ನು ಹೊತ್ತು ಊರೂರು ತಿರುಗಿ ಮಾರುವವನು. ಅವಳು ಗುಂಡುಸೂಜಿಗಳನ್ನು ಕೇಳಿದಳು, ಅವನು ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಅವನು ಕುಸಿದು ಬಿದ್ದನು. ಮೈಯ ಒಂದು ಪಾರ್ಶ್ವವು ಸ್ವಾಧೀನ ತಪ್ಪಿತು, ಮುಖ ಸೊಟ್ಟಗಾಯಿತು, ಮಾತು ತೊದಲಿತು. ಇದು ಪಾರ್ಶ್ವವಾಯುವಿನ ಲಕ್ಷಣವೆಂಬುದನ್ನು ಇಂದು ಯಾರಾದರೂ ಹೇಳಬಲ್ಲರು. ಅಂದಿನವರಾದರೋ ಅದನ್ನು ಮಾಟವೆಂದರು. ಅಲಿಜನ್ನಳು ತಾನೂ ಹಾಗೆಂದೇ ನಂಬಿ ಅವನ ಕ್ಷಮೆಯನ್ನು ಬೇಡಿದಳು. ಅವನು ಕ್ಷಮಿಸಿದನು, ಶಾಸನವು ಕ್ಷಮಿಸಲಿಲ್ಲ. 1563ರ ಕಾಯಿದೆಯಂತೆ ಮಾಟದಿಂದ ಅಂಗಹಾನಿ ಮಾಡಿದವರಿಗೆ ಮೊದಲ ಅಪರಾಧಕ್ಕೆ ಸೆರೆವಾಸವಿದ್ದಿತು. 1604ರ ಕಾಯಿದೆ ಅದಕ್ಕೂ ಮರಣದಂಡನೆಯನ್ನು ವಿಧಿಸಿತ್ತು. ಆ ವರ್ಷದ ಆಗಸ್ಟ್ 20ರಂದು ಲ್ಯಾಂಕಾಸ್ಟರಿನಲ್ಲಿ ಅವಳೂ ಸೇರಿ ಹತ್ತು ಮಂದಿ ಗಲ್ಲಿಗೇರಿದರು. ಅವಳ ಅಜ್ಜಿ, ಡೆಮ್‌ಡೈಕ್ ಎಂದು ಹೆಸರಾದ ಕುರುಡು ಮುದುಕಿ, ವಿಚಾರಣೆಗೆ ಮುನ್ನವೇ ಸೆರೆಮನೆಯಲ್ಲಿ ತೀರಿಕೊಂಡಿದ್ದಳು.

ಇಷ್ಟನ್ನು ನಾವು ತಿಳಿಯುವುದು ಮುಖ್ಯವಾಗಿ ನ್ಯಾಯಸ್ಥಾನದ ಗುಮಾಸ್ತನಾದ ಥಾಮಸ್ ಪಾಟ್ಸನು 1613ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಅದು ನ್ಯಾಯಾಧೀಶರ ಆಜ್ಞೆಯಿಂದ ಹುಟ್ಟಿದುದು. ಅವರಲ್ಲೊಬ್ಬನಾದ ಎಡ್ವರ್ಡ್ ಬ್ರಾಮ್ಲೀ ತಾನೇ ಅದನ್ನು ನೋಡಿ ತಿದ್ದಿದನು. ವಸ್ತುವನ್ನು ಇದ್ದಂತೆ ಕಂಡು, ಕಂಡಂತೆ ಹೇಳುವವನೇ ಆಪ್ತನೆಂದು ನಮ್ಮ ನೈಯಾಯಿಕರು ಹೇಳುತ್ತಾರೆ. ತೀರ್ಪು ಕೊಟ್ಟವನೇ ತಿದ್ದಿದ ಬರವಣಿಗೆಯನ್ನು ಆಪ್ತವಾಕ್ಯವೆಂದು ಹೇಗೆ ಕರೆಯೋಣ?

ಈ ಸಂದೇಹಕ್ಕೆ ಗ್ರಂಥವೇ ಆಧಾರಗಳನ್ನು ಒದಗಿಸುತ್ತದೆ. ಅಲಿಜನ್ನಳ ಹೇಳಿಕೆಯಲ್ಲಿ ತಾನು ಸೂಜಿಗಳನ್ನು ಕೊಳ್ಳಲು ಕೇಳಿದೆನೆಂದೂ, ವ್ಯಾಪಾರಿಯು ಗಂಟನ್ನು ಬಿಚ್ಚಲು ಒಪ್ಪಲಿಲ್ಲವೆಂದೂ ಇದೆ. ವ್ಯಾಪಾರಿಯ ಮಾತಿನಲ್ಲಿ ಅವಳು ಸೂಜಿಗಾಗಿ ಕಾಡಿದಳು, ತಾನು ಕೊಡಲಿಲ್ಲ ಎಂದಿದೆ. ಮೊದಲನೆಯದರಲ್ಲಿ ಅವಳು ಗಿರಾಕಿ, ಎರಡನೆಯದರಲ್ಲಿ ಭಿಕ್ಷುಕಿ. ಡೆಮ್‌ಡೈಕಳ ಹೇಳಿಕೆಯಲ್ಲಿಯೂ ಇಂತಹುದೇ ಒಂದು ಪ್ರಸಂಗವಿದೆ: ತನ್ನ ಮಗಳು ಬಾಲ್ಡ್‌ವಿನ್ ಎಂಬ ಗಿರಣಿಯವನ ಕಡೆಯವರಿಗೆ ಕೆಲಸದಲ್ಲಿ ನೆರವಾಗಿದ್ದುದರಿಂದ ಏನಾದರೂ ಕೇಳೋಣವೆಂದು ಹೋದಾಗ, ಅವನು ಬೈದು ಓಡಿಸಿದನು. ಕೊಡಬೇಕಾದುದನ್ನು ಕೊಡದೆ ಕಳುಹಿಸಿದವನಿಗೆ ಮುಂದೆ ಕೇಡು ಬಂದರೆ, ಅದು ಕೇಳಿದವಳ ಶಾಪದ ಫಲವೆಂದು ತೋರುವುದು ಸಹಜ. ಅಲನ್ ಮ್ಯಾಕ್‌ಫರ್ಲೇನ್ 1970ರಲ್ಲಿಯೂ ಕೀತ್ ಥಾಮಸ್ 1971ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಆಂಗ್ಲದೇಶದ ಅನೇಕ ಆರೋಪಗಳ ಮೂಲವನ್ನು ಇಂತಹ ನಿರಾಕರಣೆಯಲ್ಲಿಯೇ ಕಂಡಿದ್ದಾರೆ.

ಸಾಕ್ಷಿಗಳ ಪರೀಕ್ಷೆಯೂ ಸಮನಾಗಿರಲಿಲ್ಲ. ಅಲಿಜನ್ನಳ ತಂಗಿ, ಸುಮಾರು ಒಂಬತ್ತು ವರ್ಷದ ಜೆನೆಟ್, ತನ್ನ ತಾಯಿಯ ಮೇಲೆಯೇ ಸಾಕ್ಷಿ ನುಡಿದಳು. ತಾಯಿಯು ಕೂಗಾಡಿದುದರಿಂದ ಅವಳನ್ನು ಹೊರಗೆ ಸಾಗಿಸಿ, ಮಗುವನ್ನು ಮೇಜಿನ ಮೇಲೆ ನಿಲ್ಲಿಸಿ ಮಾತನಾಡಿಸಿದರು. ಆ ಮಾತನ್ನು ನ್ಯಾಯಸ್ಥಾನವು ಒಪ್ಪಿತು. ಅದೇ ಅಧಿವೇಶನದಲ್ಲಿ ಸ್ಯಾಮ್ಲ್ಸ್‌ಬರಿಯ ಮೂವರು ಹೆಂಗಸರ ಮೇಲೆ ಗ್ರೇಸ್ ಸೋವರ್‌ಬಟ್ಸ್ ಎಂಬ ಹದಿನಾಲ್ಕರ ಹುಡುಗಿ ಹೇಳಿದುದನ್ನು ಶೋಧಿಸಿ, ಅದು ಕೆಥೊಲಿಕ ಪಾದ್ರಿಯೊಬ್ಬನು ಕಲಿಸಿದ ಪಾಠವೆಂದು ತಿಳಿದು, ಮೂವರನ್ನೂ ಬಿಡುಗಡೆ ಮಾಡಿದರು. ಪ್ರಮಾಣಶೋಧನೆಯು ನ್ಯಾಯಾಧೀಶರಿಗೆ ತಿಳಿಯದ ವಿದ್ಯೆಯಾಗಿರಲಿಲ್ಲ. ಒಂದೆಡೆ ಪ್ರಯೋಗಿಸಿದರು, ಇನ್ನೊಂದೆಡೆ ಪ್ರಯೋಗಿಸಲಿಲ್ಲ.

ಆದರೂ ಈ ಪಕ್ಷಪಾತದ ಗ್ರಂಥದಲ್ಲಿಯೇ ಆ ಕಾಲದ ನಿಜವಾದ ಜನಪದವು ಉಳಿದುಬಂದಿದೆ. ಕೆಟ್ಟುಹೋದ ಪಾನೀಯವನ್ನು ಸರಿಪಡಿಸಲು ಚಾಟಾಕ್ಸ್ ಎಂಬ ಮುದುಕಿಯನ್ನು ಊರವರೇ ಕರೆಸಿದ್ದರು. ಅವಳು ಹೇಳುತ್ತಿದ್ದ ಮಂತ್ರವನ್ನು ಪಾಟ್ಸನು ಬರೆದಿಟ್ಟಿದ್ದಾನೆ. ಡಿವೈಸ್ ಮನೆಯವರಿಗೆ ಬರುತ್ತಿದ್ದ ಇನ್ನೊಂದು ಪಾಠವು ಕ್ರಿಸ್ತನ ಮರಣದಿನದ ಉಪವಾಸವನ್ನೂ ಶಿಲುಬೆಯನ್ನೂ ಸ್ಮರಿಸುವ ಹಳೆಯ ಕೆಥೊಲಿಕ ಪ್ರಾರ್ಥನೆಯ ಅವಶೇಷ. ರಾಜ್ಯದ ಮತವು ಬದಲಾದ ಮೇಲೆ ಇಂತಹ ಪ್ರಾರ್ಥನೆಯೇ ಅಪರಾಧದ ಗುರುತಾಯಿತು.

ಇದಕ್ಕೆ ಪ್ರತಿಯಾಗಿ, ಇಂದು ಸ್ಥಳದಲ್ಲಿ ಕೇಳಿಬರುವ ಜನಶ್ರುತಿಯ ಬಹುಭಾಗ ಈಚಿನದು. ನ್ಯೂಚರ್ಚ್ ಗ್ರಾಮದಲ್ಲಿ ನಟ್ಟರ್ ಮನೆತನದ ಸಮಾಧಿಯೊಂದನ್ನು, ಗಲ್ಲಿಗೇರಿದ ಆಲಿಸ್ ನಟ್ಟರಳದೆಂದು ತೋರಿಸುವುದುಂಟು. ಅವಳು ಸತ್ತುದು ದೂರದ ಲ್ಯಾಂಕಾಸ್ಟರಿನಲ್ಲಿ. ಆಂಗ್ಲ ಮಾಟಗಾತಿಯರನ್ನು ಸುಡುತ್ತಿದ್ದರೆಂಬ ಮಾತೂ ಹಾಗೆಯೇ. ಅಲ್ಲಿ ಮಾಟಕ್ಕೆ ವಿಧಿಸಿದ್ದ ಮರಣದಂಡನೆ ಗಲ್ಲು. ಏನ್ಸ್‌ವರ್ತನು 1849ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಕಾದಂಬರಿಯೂ ಈ ಕಥೆಗಳಿಗೆ ಬಣ್ಣ ಕೊಟ್ಟಿತು.

ಆದುದರಿಂದ ಜನಪದವನ್ನು ಅರಸುವವನು ದಾಖಲೆಯನ್ನು ಬಿಡಲಾಗದು, ದಾಖಲೆಯನ್ನು ಓದುವವನು ಬರೆದವನನ್ನು ಮರೆಯಲಾಗದು. ಅಲಿಜನ್ನಳು ಸೂಜಿಗಳನ್ನು ಬೇಡಿದಳೋ ಕೊಳ್ಳಲು ಕೇಳಿದಳೋ ಎಂಬ ಅಲ್ಪಪ್ರಶ್ನೆಯಲ್ಲಿ ಅವಳ ಮಾನವಿದೆ. ಅವಳ ಪರವಾಗಿ ಅಲ್ಲಿ ಉಳಿದಿರುವುದು, ಶತ್ರುಗಳ ಲೇಖನಿಯಿಂದ ಜಾರಿಬಂದ ಆ ಒಂದು ಕ್ರಿಯಾಪದ ಮಾತ್ರ.