ಶೇಂಗಾ ಬೀಜವೂ ಗಡ್ಡೆಯ ಸಕ್ಕರೆಯೂ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಯಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ ಈಗ ಇದೊಂದು ಮಾತು ಕಿವಿಗೆ ಬೀಳುತ್ತದೆ: ಕ್ಯಾನ್ಸರ್ ಗಡ್ಡೆ ಸಕ್ಕರೆ ತಿಂದು ಬೆಳೆಯುತ್ತದಂತೆ, ಚಹಾಕ್ಕೆ ಸಕ್ಕರೆ ಬಿಟ್ಟರೆ ಅರ್ಧ ಗುಣವಾದಂತೆ. ವಾಟ್ಸ್ಆ್ಯಪ್ ಕೃಪೆ. ಗಡ್ಡೆ ಗ್ಲೂಕೋಸನ್ನು ಹೆಚ್ಚು ಬಳಸುವುದು ನಿಜ. ಚಹಾ ಸಪ್ಪೆ ಮಾಡಿ ಅದನ್ನು ಉಪವಾಸ ಕೆಡವಲಾಗದು ಎಂಬುದೂ ಅಷ್ಟೇ ನಿಜ. ಈ ಗದ್ದಲದಲ್ಲಿ ಚಿಕಿತ್ಸೆಗೆ ನಿಜಕ್ಕೂ ದಾರಿ ತೋರುವ ಇನ್ನೊಂದು ಸಕ್ಕರೆಯ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ನಮ್ಮ ಎಂ.ಎಸ್ಸಿ. ಪಠ್ಯದಲ್ಲೂ ಅದು ಪರೀಕ್ಷೆ ಹತ್ತಿರ ಬಂದಾಗ ಕೈಬಿಡುವ ಕೊನೆಯ ಅಧ್ಯಾಯ.

ಪ್ರತಿ ಜೀವಕೋಶದ ಹೊರಮೈ ತುಂಬ ಸಕ್ಕರೆಯ ಸರಪಳಿಗಳಿವೆ. ಕೋಶ ಕೆಟ್ಟಾಗ ಸರಪಳಿ ಕಟ್ಟುವ ಕಿಣ್ವಗಳ ಲೆಕ್ಕ ತಪ್ಪುತ್ತದೆ. ಕೆಲವು ಸರಪಳಿ ಅರ್ಧಕ್ಕೇ ನಿಂತು ಒಳಗಿರಬೇಕಾದ ಸಕ್ಕರೆ ಬಯಲಿಗೆ ಬರುತ್ತದೆ. 1920ರ ದಶಕದಲ್ಲಿ ಥಾಮ್ಸನ್, ಅವರ ಹಿಂದೆಯೇ ಫ್ರೀಡೆನ್‌ರೈಶ್ ಕೆಂಪು ರಕ್ತಕಣದಲ್ಲಿ ಇಂಥ ಅಡಗಿದ ಗುರುತೊಂದನ್ನು ಕಂಡರು, ಅದೇ ಟಿ-ಆಂಟಿಜನ್. ಅದು ಅನೇಕ ಕ್ಯಾನ್ಸರ್‌ಗಳಲ್ಲಿ ಬಯಲಾಗುತ್ತದೆಂದು ತೋರಿಸಿದವರು ಜಾರ್ಜ್ ಸ್ಪ್ರಿಂಗರ್. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರಿಯ ಪ್ರತಿಕಾಯ ತಯಾರಿಸುವ ವಿಧಾನ ಕೊಟ್ಟರು. ಅದರಿಂದ ಬಂದದ್ದೇ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಶಂಕೆಯಾದಾಗ ನಮ್ಮ ಲ್ಯಾಬುಗಳೂ ಮಾಡುವ ಸಿಎ 19-9 ಪರೀಕ್ಷೆ. ಅಲ್ಲಿ ಪ್ರತಿಕಾಯ ಹಿಡಿಯುವುದು ಸಕ್ಕರೆಯನ್ನೇ. ಹುಟ್ಟಿನಿಂದಲೇ ಆ ಸಕ್ಕರೆ ಕಟ್ಟಲಾರದವರೂ ಇದ್ದಾರೆ. ಅವರಿಗೆ ಗಡ್ಡೆಯಿದ್ದರೂ ರಿಪೋರ್ಟು ಸರಿಯಾಗಿಯೇ ಬರಬಹುದು. ರಿಪೋರ್ಟಿನ ಕೆಳಗೆ ಈ ಒಂದು ಸಾಲು ಅಚ್ಚು ಹಾಕಿದರೆ ಯಾರ ಗಂಟೂ ಹೋಗದು.

ಸಕ್ಕರೆಯನ್ನು ಹಿಡಿಯುವುದು ಪ್ರೊಟೀನನ್ನು ಹಿಡಿದಷ್ಟು ಸುಲಭವಲ್ಲ. ಅದಕ್ಕೆ ನೀರೆಂದರೆ ಪ್ರಾಣ; ಹೈಡ್ರಾಕ್ಸಿಲ್ ಗುಂಪುಗಳಿಗೆ ಒಂದೊಂದೇ ಹೈಡ್ರೋಜನ್ ಬಂಧ ಕೂಡಿಸಬೇಕು, ಟೈರೋಸಿನ್ ಅಥವಾ ಟ್ರಿಪ್ಟೊಫಾನ್ ಉಂಗುರವೊಂದು ಅದರ ಮಗ್ಗುಲಿಗೆ ಒರಗಬೇಕು. ಇಷ್ಟಾದರೂ ಒಂದು ಹಿಡಿತ ಸಡಿಲವೇ. ಹಲವು ಕಡೆ ಒಟ್ಟಿಗೆ ಹಿಡಿದಾಗ ಮಾತ್ರ ಬಿಗಿ.

ಇದನ್ನು ಜಗತ್ತಿಗೆ ಬಿಡಿಸಿ ತೋರಿಸಿದವರಲ್ಲಿ ನಮ್ಮ ನಾಡಿನ ಲೆಕ್ಟಿನ್ ಮಂದಿ ಮುಂಚೂಣಿಯವರು. ಲೆಕ್ಟಿನ್ ಪ್ರತಿಕಾಯವಲ್ಲ, ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೊಟೀನು. ಶೇಂಗಾ ಬೀಜದ ಲೆಕ್ಟಿನ್ ಹಿಡಿಯುವುದು ಅದೇ ಟಿ-ಆಂಟಿಜನ್ನನ್ನು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಂಗಡಿಗರು 1994ರಲ್ಲಿ ಅದರ ಹರಳು ರಚನೆ ಪ್ರಕಟಿಸಿದರು. 1996ರಲ್ಲಿ ಹಲಸಿನ ಬೀಜದ ಜಾಕಲಿನ್‌ನದು ಬಂತು. 1997ರ ಕೆಲಸವೇ ನನಗೆ ಹೆಚ್ಚು ಮೆಚ್ಚು: ಶೇಂಗಾ ಲೆಕ್ಟಿನ್ ಬರೀ ಗ್ಯಾಲಕ್ಟೋಸಿಗಿಂತ ಟಿ-ಆಂಟಿಜನ್ನಿಗೆ ಹೆಚ್ಚು ಒಲಿಯುವುದು ನಡುವೆ ಕೂತ ನೀರಿನ ಅಣುಗಳ ಸೇತುವೆಯಿಂದ ಎಂದು ಅವರು ತೋರಿಸಿದರು. ಪ್ರಕಟವಾದದ್ದೂ ಬೆಂಗಳೂರಿನದೇ ಕರೆಂಟ್ ಸೈನ್ಸ್‌ನಲ್ಲಿ. ಹೊರದೇಶದ ಪತ್ರಿಕೆಯಲ್ಲಿ ಬಂದಿದ್ದರೆ ಇನ್ನಷ್ಟು ಜನ ಓದುತ್ತಿದ್ದರೇನೋ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಬಿ.ಎಂ. ಸ್ವಾಮಿ, ಶಶಿಕಲಾ ಇನಾಮದಾರ್ ಇನ್ನೊಂದು ಕಡೆಯಿಂದ ಬಂದರು. ಜಗಳೂರಿನ ರೈತರಿಗೆ ಶೇಂಗಾದ ಬುಡ ಕೊಳೆಯುವ ರೋಗ ಗೊತ್ತು. ಅದನ್ನು ತರುವ ಶಿಲೀಂಧ್ರ ಸ್ಕ್ಲೆರೋಶಿಯಂ ರಾಲ್ಫ್ಸಿಯೈ. ಆ ಶಿಲೀಂಧ್ರದ ಲೆಕ್ಟಿನ್ ಕೂಡ ಟಿ-ಆಂಟಿಜನ್ನನ್ನೇ ಹಿಡಿಯುತ್ತದೆಂದು ಇವರು ಕಂಡುಕೊಂಡರು. ಗ್ರೀಸಿನವರ ಜೊತೆ ಮಾಡಿದ ಅದರ ರಚನೆ 2007ರಲ್ಲಿ ಬಂತು. ವಿಚಿತ್ರವೆಂದರೆ, ಶೇಂಗಾ ಲೆಕ್ಟಿನ್ ಕರುಳಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ, ಜಾಕಲಿನ್ ಮತ್ತು ಈ ಶಿಲೀಂಧ್ರದ ಲೆಕ್ಟಿನ್ ತಡೆಯುತ್ತವೆ. ಹಿಡಿದ ಸಕ್ಕರೆ ಒಂದೇ, ಫಲ ತದ್ವಿರುದ್ಧ. ಬರೀ ಗುರುತಿಸಿದರೆ ಔಷಧವಾಗುವುದಿಲ್ಲ ಎಂದು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗವಿಲ್ಲ.

ಪ್ರತಿಕಾಯದವರು ಈ ಪಾಠವನ್ನು ಪೆಟ್ಟು ತಿಂದು ಕಲಿತರು. ಸಿಯಾಲಿಲ್-ಟಿಎನ್ ಸಕ್ಕರೆಯ ಲಸಿಕೆ ಥೆರಟೋಪ್ 2003ರಲ್ಲಿ ಸ್ತನ ಕ್ಯಾನ್ಸರ್‌ನ ಮೂರನೇ ಹಂತದ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಗೆದ್ದದ್ದು ಜಿಡಿ2 ಎಂಬ ಸಕ್ಕರೆ-ಕೊಬ್ಬಿನ ಅಣು. ಪುಟ್ಟ ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮಾದಲ್ಲಿ ಅದರ ವಿರುದ್ಧದ ಪ್ರತಿಕಾಯವನ್ನು ಬೇರೆ ಔಷಧಗಳ ಜೊತೆ ಕೊಟ್ಟಾಗ, ಎರಡು ವರ್ಷ ರೋಗ ಮರುಕಳಿಸದೆ ಉಳಿದವರು ಶೇ. 46ರಿಂದ 66ಕ್ಕೆ ಏರಿದರೆಂದು 2010ರ ವರದಿ ಹೇಳಿತು. ಡೈನುಟುಕ್ಸಿಮ್ಯಾಬ್ ಹೆಸರಲ್ಲಿ 2015ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ನರಗಳ ಮೇಲೂ ಜಿಡಿ2 ಇರುವುದರಿಂದ ಮಗುವಿಗೆ ವಿಪರೀತ ನೋವು. ಈ ತೊಡಕಿಗೆ ಉಪಾಯದ ಸುಳಿವು ಷಿಕಾಗೋದಿಂದ 2006ರಲ್ಲಿ ಬಂದ 237 ಎಂಬ ಪ್ರತಿಕಾಯದಲ್ಲಿದೆ. ಸಕ್ಕರೆ ಮತ್ತು ಅದು ಕೂತ ಪ್ರೊಟೀನಿನ ತುಣುಕು, ಎರಡೂ ಕೂಡಿದ್ದರಷ್ಟೇ ಅದು ಹಿಡಿಯುತ್ತದೆ. ಹರಿಹರೇಶ್ವರನ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಒಂದು ಪಾಲು ಮುಚ್ಚಿದರೆ ಅದು ಹರಿಹರನಾಗಿ ಉಳಿಯುವುದಿಲ್ಲವಲ್ಲ, ಹಾಗೆ.

ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ-ಕತ್ತಿನ ಕ್ಯಾನ್ಸರ್‌ಗೆ ಕ್ಯೂಬಾ ಮೂಲದ ಪ್ರತಿಕಾಯ ತಂದಿತು, 2014ರಲ್ಲಿ ಸ್ತನ ಕ್ಯಾನ್ಸರ್‌ಗೆ ಟ್ರಾಸ್ಟುಜುಮ್ಯಾಬ್. ಎರಡರ ಗುರಿಯೂ ಪ್ರೊಟೀನು. ಅದೇ ಕ್ಯೂಬಾದವರು ಸಕ್ಕರೆಯ ಜಾಡು ಹಿಡಿದು ರಾಕೊಟುಮೊಮ್ಯಾಬ್ ಎಂಬ ಪ್ರತಿಕಾಯದವರೆಗೆ ಹೋದರು. ಸಕ್ಕರೆಯನ್ನು ಹಿಡಿಯುವ ಬಗೆಯನ್ನು ಅಣು ಅಣುವಾಗಿ ಬಿಡಿಸಿದ ಸಂಸ್ಥೆ ಮಲ್ಲೇಶ್ವರದ ಮಗ್ಗುಲಲ್ಲಿ, ಪ್ರತಿಕಾಯದ ಕಾರ್ಖಾನೆ ಹೊಸೂರು ರಸ್ತೆಯ ಕಡೆ. ನಡುವೆ ಇರುವುದು ಒಂದು ಸಿಟಿ ಬಸ್ಸಿನ ದೂರ.

ಇತ್ತ ಗುಟ್ಕಾ, ತಂಬಾಕಿನಿಂದ ಬಾಯಿ ಕೆಟ್ಟವರ ತುಣುಕುಗಳು ಮೇಣದ ಅಚ್ಚಿನಲ್ಲಿ ನಮ್ಮ ವೈದ್ಯ ಕಾಲೇಜುಗಳ ಪೆಥಾಲಜಿ ಕಪಾಟುಗಳನ್ನು ಸೇರುತ್ತಲೇ ಇವೆ. ಅವುಗಳ ಮೇಲೆ ಯಾವ ಸಕ್ಕರೆ ಬಯಲಾಗಿದೆ ಎಂದು ನೋಡಲು ಕೋಟಿಗಟ್ಟಲೆ ಯಂತ್ರ ಬೇಡ. ಬಣ್ಣ ಮೂಡಿಸುವ ಕಿಣ್ವ ಅಂಟಿಸಿದ ಶೇಂಗಾ ಲೆಕ್ಟಿನ್, ಒಂದು ಸಾಮಾನ್ಯ ಸೂಕ್ಷ್ಮದರ್ಶಕ, ತೋಳಹುಣಸೆಯ ವಿಶ್ವವಿದ್ಯಾಲಯದಿಂದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಸಾಕು.