ಚಿಟಿಕೆ ಉಪ್ಪು, ಹಿಡಿ ಬೆಲ್ಲ: ತಾಯಂದಿರು ವಿಜ್ಞಾನ ಕಲಿತ ಕಥೆ

ಮಗುವಿಗೆ ವಾಂತಿ-ಭೇದಿ ಆದಾಗ ನೀರು ಕೊಡಬಾರದು, ಕೊಟ್ಟರೆ ಭೇದಿ ಹೆಚ್ಚುತ್ತದೆ. ಈ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲೂ ಹೀಗೇ ನಂಬಿದ್ದರು. ಅದು ಬದಲಾದ ಬಗೆಯನ್ನು ಇಲ್ಲಿ ಹೇಳುತ್ತೇವೆ.

1971ರ ಯುದ್ಧಕಾಲ. ಇಂದಿನ ಬಾಂಗ್ಲಾದೇಶದಿಂದ ಓಡಿಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನಗಾಂವ್ ತುಂಬಿತ್ತು. ಕಾಲರಾ ಹಬ್ಬಿತು, ಸಲೈನ್ ಬಾಟಲಿ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬೀಸ್ ಅವರ ತಂಡ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿತು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇದು ಪವಾಡವಲ್ಲ. ಭೇದಿಯಾದಾಗಲೂ ಕರುಳು ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಸಕ್ಕರೆಯ ಜೊತೆಗೆ ಉಪ್ಪು ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ.

ಮದ್ದೇನೋ ಸಿಕ್ಕಿತು. ಓದು ಬಾರದ ತಾಯಂದಿರಿಗೆ ಕಲಿಸುವುದು ಹೇಗೆ? ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಲ್ಲಿ ಈ ಕೆಲಸಕ್ಕೆ ಇಳಿಯಿತು. ಕಾರ್ಯಕರ್ತೆಯರು ಮನೆಮನೆಗೆ ಹೋದರು. ಕೈಬೆರಳೇ ಅಳತೆ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಾರ್ಯಕರ್ತೆ ಬೆರೆಸಿ ತೋರಿಸಿದರೆ ಸಾಲದು, ತಾಯಿಯೇ ಬೆರೆಸಬೇಕು.

ಮೊದಮೊದಲು ಎಲ್ಲರೂ ಕಲಿತರು, ಬಳಸಿದವರು ಮಾತ್ರ ಕಡಿಮೆ. ಕಾರಣ ಹುಡುಕಿದಾಗ ಗೊತ್ತಾದದ್ದೇನು? ಕಲಿಸುವವರಲ್ಲೇ ಹಲವರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ! ತಮಗೆ ಭೇದಿಯಾದರೆ ಅವರು ಬೇರೆ ಔಷಧಿ ನುಂಗುತ್ತಿದ್ದರು. ಆಮೇಲೆ ಅವರಿಗೂ ಈ ನೀರು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲಾಯಿತು. ತಾಯಂದಿರ ಎದುರೇ ಅವರು ಅದನ್ನು ಕುಡಿದು ತೋರಿಸಿದರು. ಸಂತೆ, ಮಸೀದಿ, ಶಾಲೆಗಳಲ್ಲಿ ಗಂಡಸರಿಗೂ ತಿಳಿಹೇಳಿದರು.

ಇನ್ನೊಂದು ವಿಷಯ ಗಮನಿಸಿ. ಕಾರ್ಯಕರ್ತೆಯ ಸಂಬಳ ಎಷ್ಟು ಮನೆ ಸುತ್ತಿದಳು ಎಂಬುದರ ಮೇಲೆ ನಿಂತಿರಲಿಲ್ಲ. ಕೆಲವು ದಿನ ಬಿಟ್ಟು ಬೇರೆಯವರು ಕೆಲವು ಮನೆಗಳಿಗೆ ಹೋಗಿ ಕೇಳುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅಷ್ಟು ಕೂಲಿ. 1990ರ ಹೊತ್ತಿಗೆ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಈ ಪಾಠ ತಲುಪಿತ್ತು.

ಇಂದು ಮೊಬೈಲಿಗೆ ಆರೋಗ್ಯದ ಸಲಹೆಗಳು ಬಂದು ಬೀಳುತ್ತವೆ. ಆ ತಾಯಂದಿರಿಗೆ ಸಿಕ್ಕ ಉತ್ತರಗಳನ್ನು ನಾವೂ ಕೇಳಿ ಪಡೆಯಬೇಕು. ಇದು ಹೇಗೆ ಕೆಲಸ ಮಾಡುತ್ತದೆ? ಹೇಳಿದವರು ತಾವೇ ಬಳಸುತ್ತಾರೆಯೇ? ಫಲ ಸಿಕ್ಕಿತೇ ಎಂದು ಯಾರಾದರೂ ಎಣಿಸಿ ನೋಡಿದ್ದಾರೆಯೇ? ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡುವುದು ಬೇಡ.

ಈಗ ಕೈ ಅಳತೆಯ ಗೊಡವೆಯೂ ಬೇಡ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆಶಾ ಕಾರ್ಯಕರ್ತೆಯ ಬಳಿ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದರೆ, ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.